ತೋಟೆ ಏರುತ್ತಿಲ್ಲವೇ? ಹಿಂದಿನದು ಹೇಗೆ ಹೊರಬಂತು ನೋಡಿ

ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ ರೂಗರ್ 10/22 ಮಾದರಿಯ ರೈಫಲ್‌ನಲ್ಲಿ ಹತ್ತು ಈಡಿಗೆ ಎರಡು ಸಿಕ್ಕಿಕೊಳ್ಳುತ್ತವೆ, ಬೋಲ್ಟ್‌ನ (ತೋಟೆಯ ಹಿಂದೆ ಹಿಂದುಮುಂದಾಗಿ ಜಾರುವ ಉಕ್ಕಿನ ತುಂಡು) ಸ್ಪ್ರಿಂಗ್ ಬದಲಿಸಲೇ ಅಥವಾ ಚೇಂಬರಿನ (ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಜಾಗ) ಬಾಯಿಯನ್ನು ಗ್ರೈಂಡರಿನಲ್ಲಿ ಉಜ್ಜಿ ನುಣುಪು ಮಾಡಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಸ್ಪ್ರಿಂಗ್ ಸರಿಹೋಗದಿದ್ದರೆ ಹಳೆಯದನ್ನೇ ಹಾಕಿಕೊಳ್ಳಬಹುದು, ಉಜ್ಜಿ ತೆಗೆದ ಉಕ್ಕನ್ನು ಮತ್ತೆ ಅಂಟಿಸಲಾಗುವುದಿಲ್ಲ.

ನೀವು ಟೆಕ್ಸಾಸಿನಲ್ಲಿದ್ದೀರಿ, ರಿಸೀವರನ್ನು (ಬೋಲ್ಟ್, ನಳಿಗೆಗಳನ್ನು ಹಿಡಿದಿಡುವ ಕೋವಿಯ ಒಡಲು) ಪರವಾನಗಿ ಇರುವ ಅಂಗಡಿಯಿಂದ ಕೊಂಡಿದ್ದೀರಿ, ಸರಿ. ಊರಿನಿಂದ ಇದನ್ನು ಓದುತ್ತಿರುವವರಿಗೆ ಒಂದು ಮಾತು: ಭಾರತದಲ್ಲಿ ಪರವಾನಗಿಯಿಲ್ಲದೆ ಕೋವಿ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಇದು ಅಮೆರಿಕದಲ್ಲಿರುವವರ ಹವ್ಯಾಸದ ಮಾತು, ಇಲ್ಲಿಗೇ ಇರಲಿ.

ನೀವು ‘ಫೀಡಿಂಗ್ (ತೋಟೆ ಏರುವ) ತೊಂದರೆ’ ಎಂದು ಒಂದೇ ಹೆಸರಿನಲ್ಲಿ ಮೂರು ಕಾಯಿಲೆ ಹೇಳಿದ್ದೀರಿ. ಒಮ್ಮೆ ಖಾಲಿ ತೋಟೆ ಹೊರಬೀಳುವ ಕಿಂಡಿಯಲ್ಲಿ ಹೊಗೆಕೊಳವೆಯಂತೆ ನೆಟ್ಟಗೆ ನಿಲ್ಲುತ್ತದೆ. ಒಮ್ಮೆ ಹೊಸ ತೋಟೆಯ ಮೂತಿ ಚೇಂಬರಿನ ಅಂಚಿಗೆ ಗುದ್ದಿ ಜಜ್ಜಿಹೋಗುತ್ತದೆ. ಒಮ್ಮೆ ಬೋಲ್ಟ್ ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ಸಂದಿ ಬಿಡುತ್ತದೆ. ಮೂರಕ್ಕೂ ಬೇರು ಒಂದೇ ಇರಬಹುದು ಎಂಬುದು ನನ್ನ ಗುಮಾನಿ.

ಈ ರೈಫಲ್‌ನಲ್ಲಿ ಬೋಲ್ಟ್‌ಗೆ ಬೀಗ ಇಲ್ಲ. ಅದನ್ನು ತಡೆದು ಹಿಡಿಯುವುದು ಅದರ ತೂಕ ಮತ್ತು ಸ್ಪ್ರಿಂಗ್ ಮಾತ್ರ. ಸಿಡಿದಾಗ ಖಾಲಿ ತೋಟೆಯೇ ಹಿಂದಕ್ಕೆ ಒದ್ದು ಬೋಲ್ಟನ್ನು ತಳ್ಳುತ್ತದೆ. ಚೇಂಬರಿನ ಗೋಡೆಗೆ ಮಸಿ, ಮೇಣ, ಸೀಸ ಅಂಟಿದ್ದರೆ ತೋಟೆ ಅಲ್ಲೇ ಕಚ್ಚಿಕೊಂಡು ಆ ಒದೆತದಲ್ಲಿ ಒಂದು ಪಾಲನ್ನು ತಿಂದುಬಿಡುತ್ತದೆ. ಬೋಲ್ಟ್ ಅರ್ಧ ದಾರಿಗೇ ಹಿಂತಿರುಗುತ್ತದೆ. ಆಗ ಖಾಲಿ ತೋಟೆ ಚಿಮ್ಮಿ ಹೊರಬೀಳುವುದಿಲ್ಲ, ಮುಂದಿನದನ್ನು ಬೋಲ್ಟ್ ಸರಿಯಾಗಿ ಹಿಡಿಯುವುದೂ ಇಲ್ಲ. ನೋಡುವವರಿಗೆ ತೋಟೆ ಏರದ ತೊಂದರೆಯಂತೆ ಕಾಣುತ್ತದೆ. ಹಿಂದಿನ ಊಟ ಕರಗದೆ ಹೊಟ್ಟೆ ಕೆಟ್ಟವನಿಗೆ ತುತ್ತು ದೊಡ್ಡದಾಯಿತು ಎಂದು ಬೈದಂತೆ.

ನಿಮ್ಮ ನಳಿಗೆ ಬೇರೆ ಕಡೆಯಿಂದ ತಂದದ್ದು, ಮ್ಯಾಚ್ ಚೇಂಬರ್ (ಗುರಿ ಸ್ಪರ್ಧೆಗೆಂದು ಮಾಡಿದ್ದು) ಎಂದಿದ್ದೀರಿ. ನನ್ನ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ. ಅಂಥ ಚೇಂಬರ್ ಬಿಗಿಯಾಗಿರುತ್ತದೆ. ಗುರಿ ಚೆನ್ನ, ಆದರೆ ಕೊಳೆಯನ್ನು ಸಹಿಸುವುದಿಲ್ಲ. .22 ಅಳತೆಯ ಸೀಸದ ಗುಂಡಿಗೆ ಹೊರಗಡೆಯೇ ಮೇಣ ಸವರಿರುವುದರಿಂದ ನೂರಿನ್ನೂರು ಈಡು ಹೊಡೆಯುವಷ್ಟರಲ್ಲಿ ಗೋಡೆಯ ಸುತ್ತ ಗಟ್ಟಿ ಉಂಗುರ ಕಟ್ಟಬಹುದು. ಇನ್ನೊಂದು ವಿಷಯ, ಸಿಸಿಐ ಕಂಪನಿಯ ಸ್ಟಿಂಗರ್ ತೋಟೆಯ ಹಿತ್ತಾಳೆ ಕವಚ ಮಾಮೂಲಿಗಿಂತ ಉದ್ದ. ಅದನ್ನು ಮ್ಯಾಚ್ ಚೇಂಬರಿಗೆ ಹಾಕಲೇಬೇಡಿ.

ಪರೀಕ್ಷೆ ಹೀಗೆ. ಮ್ಯಾಗಜೀನ್ ತೆಗೆಯಿರಿ, ಚೇಂಬರ್ ಖಾಲಿಯೇ ಎಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿ, ನಳಿಗೆಯನ್ನು ಬಿಚ್ಚಿ ಮೇಜಿನ ಮೇಲಿಡಿ. ಕೋವಿಯಿಂದ ಬೇರೆಯಾದ ನಳಿಗೆಗೆ ಒಂದು ತೋಟೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ, ಎಲ್ಲಿ ನಿಲ್ಲುತ್ತದೆ ಎಂದು ಗುರುತಿಟ್ಟುಕೊಳ್ಳಿ. ತೋಟೆಯನ್ನು ಹೊರತೆಗೆದಿಟ್ಟು ಚೇಂಬರಿಗೆ ದ್ರಾವಕ ಹಚ್ಚಿ, ಹತ್ತು ನಿಮಿಷ ನೆನೆಯಲು ಬಿಟ್ಟು ಕಂಚಿನ ಬ್ರಷ್ಷಿನಿಂದ ಉಜ್ಜಿ ಒರೆಸಿ. ಮತ್ತೆ ತಳ್ಳಿ ನೋಡಿ. ಈ ಸಲ ಹೆಚ್ಚು ಒಳಗೆ ಹೋದರೆ ಕಳ್ಳ ಸಿಕ್ಕ. ನಳಿಗೆ ಬಿಚ್ಚದೆ ಮುಂಬಾಯಿಯಿಂದ ಸರಳು ಹಾಕಿ ಉಜ್ಜುವ ಅಭ್ಯಾಸವಿದ್ದರೆ ಬಿಡಿ. ಬಾಯಿಯ ಅಂಚು ಸವೆದರೆ ಗುರಿ ಕೆಡುತ್ತದೆ.

ನಳಿಗೆಯನ್ನು ಮರಳಿ ಕೂರಿಸುವಾಗ ಅದು ರಿಸೀವರಿನೊಳಗೆ ಪೂರ್ತಿ ಹೋಗಿದೆಯೇ ಎಂದು ನೋಡಿ. ಇದು ಫೀಡಿಂಗ್ ವಿಷಯವಷ್ಟೇ ಅಲ್ಲ. ಸಂದಿ ಉಳಿದರೆ ತೋಟೆಯ ಹಿಂಭಾಗಕ್ಕೆ ಆಸರೆಯಿರದೆ ಹಿತ್ತಾಳೆ ಒಡೆಯಬಹುದು. ನಳಿಗೆಯನ್ನು ಹಿಡಿಯುವ ಎರಡು ತಿರುಪುಗಳನ್ನು ಒಂದಿಷ್ಟು ಇದು, ಒಂದಿಷ್ಟು ಅದು ಎಂದು ಸಮವಾಗಿ ಬಿಗಿಯಿರಿ.

ಮುಂದೆ ಮದ್ದುಗುಂಡು. ನೀವು ಸೆಕೆಂಡಿಗೆ 1,070 ಅಡಿ ವೇಗದ ಸಾಮಾನ್ಯ ತೋಟೆ ಹಾಕುತ್ತಿದ್ದೀರಿ. ಹೊಸ ರೈಫಲ್ ಪಳಗುವವರೆಗೆ 1,235 ಅಡಿ ವೇಗದ 40 ಗ್ರೇನ್ ತೂಕದ ದುಂಡುಮೂತಿಯ ಗುಂಡಿರುವುದನ್ನು ಒಂದು ಡಬ್ಬ ಹಾಕಿ ನೋಡಿ. ಅದರಲ್ಲಿ ತೊಂದರೆ ಮಾಯವಾದರೆ ಬೋಲ್ಟ್‌ಗೆ ಒದೆತ ಸಾಲದಿದ್ದದ್ದು ಬಹುಮಟ್ಟಿಗೆ ಖಚಿತ.

ನನ್ನ ಮೊದಲ ಜೋಡಣೆಯಲ್ಲಿ ನಾನು ಸ್ಪ್ರಿಂಗ್ ತರಿಸಿದೆ, ಖಾಲಿ ತೋಟೆ ಎಳೆಯುವ ಕೊಕ್ಕೆ ತರಿಸಿದೆ, ಕೊನೆಗೆ ಬೋಲ್ಟನ್ನೇ ತರಿಸಿದೆ. ಮಿನೆಸೋಟದ ಜನವರಿ. ಕೊಡಗಿನಲ್ಲಿ ಅಜ್ಜ ಕೈಲ್‌ಪೋಳ್ದ್ ಹಬ್ಬಕ್ಕೆ ಜೋಡುನಳಿಗೆ ಕೋವಿ ಒರೆಸುವಾಗ ಧಾರಾಳವಾಗಿ ಎಣ್ಣೆ ಸವರುತ್ತಿದ್ದುದು ಕಣ್ಣಿಗೆ ಕಟ್ಟಿತ್ತು, ನಾನೂ ಹಾಗೆಯೇ ಸವರಿದ್ದೆ. ಆ ಚಳಿಗೆ ಎಣ್ಣೆ ಹರಳೆಣ್ಣೆಯಂತೆ ಗಟ್ಟಿಯಾಗಿ ಬೋಲ್ಟ್ ತೆವಳುತ್ತಿತ್ತು. ಎಲ್ಲ ಒರೆಸಿ ಎರಡೇ ಹನಿ ತೆಳು ಎಣ್ಣೆ ಬಿಟ್ಟಮೇಲೆ ಸರಿಹೋಯಿತು. ಆ ಬೋಲ್ಟ್ ಇನ್ನೂ ಪೆಟ್ಟಿಗೆಯಲ್ಲೇ ಇದೆ.

ಮ್ಯಾಗಜೀನ್‌ಗಳಿಗೆ ಒಂದು, ಎರಡು, ಮೂರು ಎಂದು ಪೆನ್ನಿನಲ್ಲಿ ಬರೆಯಿರಿ. ಒಂದರಲ್ಲಿ ಮಾತ್ರ ತಗಲಿಕೊಂಡರೆ ರೈಫಲ್ ನಿರಪರಾಧಿ. ಹೊರಗಿನಿಂದ ತಂದ ಕುಂದ (ಕೋವಿಯ ಮರದ ಹಿಡಿ) ಆದರೆ ಅದರ ಮರ ಮ್ಯಾಗಜೀನಿಗೆ ಅಡ್ಡ ಬಂದು ಒಂದು ಪಕ್ಕ ತಗ್ಗಿಸುವುದೂ ಉಂಟು. ಕೈಯಲ್ಲಿ ಅಲ್ಲಾಡಿಸಿದರೆ ಗೊತ್ತಾಗುತ್ತದೆ.

ಮನೆಯಲ್ಲಿ ಬೋಲ್ಟ್ ಆಡಿಸಿ ನೋಡಲು ಜೀವಂತ ತೋಟೆ ಬೇಡ. ಗೋಡೆಗೆ ತಿರುಪು ಹಾಕಲು ಬಳಸುವ ಹಳದಿ ಪ್ಲಾಸ್ಟಿಕ್ ಪ್ಲಗ್ಗನ್ನು ಇಲ್ಲಿ ಅನೇಕರು .22ರ ಹುಸಿ ತೋಟೆಯಾಗಿ ಬಳಸುತ್ತಾರೆ.

ಬೋಲ್ಟ್ ಪೂರ್ತಿ ಮುಚ್ಚದಿದ್ದಾಗ ಹೆಬ್ಬೆರಳಿನಿಂದ ಒತ್ತಿ ಹೊಡೆಯುತ್ತೇನೆ ಎಂದು ಬರೆದಿದ್ದೀರಿ. ಇವತ್ತಿಗೇ ನಿಲ್ಲಿಸಿ. ಕುದುರೆ (ಟ್ರಿಗರ್) ಎಳೆದೂ ಸಿಡಿಯದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ಸದ್ದು ಪುಸ್ಸೆಂದರೆ ನಳಿಗೆಯಲ್ಲಿ ಗುಂಡು ಸಿಕ್ಕಿರಬಹುದು, ತೋಟೆಗಳನ್ನು ತೆಗೆದು ನಳಿಗೆಯೊಳಗೆ ನೋಡದೆ ಮುಂದಿನದನ್ನು ಹೊಡೆಯಬೇಡಿ. ಒಂದೇ ಎಳೆತಕ್ಕೆ ಎರಡು ಸಿಡಿದರಂತೂ ನೇರ ಕೋವಿ ರಿಪೇರಿಯವನ ಹತ್ತಿರ ಒಯ್ಯಿರಿ.

ಮುಂದಿನ ಸಲ ಸಿಕ್ಕಿಕೊಂಡಾಗ ಕೂಡಲೇ ಬಿಡಿಸಬೇಡಿ. ಅರ್ಧ ನಿಮಿಷ ಕಾದು, ನಳಿಗೆ ಗುರಿಯ ಕಡೆಗೇ ಇರುವಂತೆ ಬೆಂಚಿನ ಮೇಲಿಟ್ಟು, ಬೆರಳು ಹೊರಗಿಟ್ಟು ಪಕ್ಕದಿಂದ ಒಂದು ಫೋಟೊ ತೆಗೆಯಿರಿ. ಜೊತೆಗೆ ಯಾವ ಸಂಖ್ಯೆಯ ಮ್ಯಾಗಜೀನ್, ಎಷ್ಟನೆಯ ಈಡು ಎಂದು ಬರೆದು ಇಲ್ಲಿ ಹಾಕಿ. ಆಮೇಲೆ ಬೇಕಿದ್ದರೆ ಸ್ಪ್ರಿಂಗಿನ ಮಾತಾಡೋಣ.