ಒಣ ಮರಳಿಗಿಂತ ಒದ್ದೆ ಮರಳಿನಲ್ಲಿ ಶಾಖ ಜಾಸ್ತಿ ಹರಿಯುವುದು ಯಾಕೆ?

ನೀರು ಚಿಮುಕಿಸಿದರೆ ಮರಳು ತಣ್ಣಗಾಗುತ್ತದೆ, ಆದರೂ ಒದ್ದೆ ಮರಳೇ ಶಾಖವನ್ನು ಚೆನ್ನಾಗಿ ಸಾಗಿಸುತ್ತದಂತೆ, ಹೇಗೆ ಅಂತ ಕೇಳಿದ್ದೀರಿ. ಎರಡೂ ನಿಜ. ತಣ್ಣಗಾಗುವುದು ಮುಖ್ಯವಾಗಿ ನೀರು ಆವಿಯಾಗುವುದರಿಂದ, ಅದು ಬೇರೆ ಲೆಕ್ಕ.

ಮರಳಿನಲ್ಲಿ ಹೆಚ್ಚಾಗಿ ಇರುವುದು ಕ್ವಾರ್ಟ್ಜ್ ಎಂಬ ಖನಿಜ. ಅದು ಒಳ್ಳೆಯ ಶಾಖವಾಹಕ. ತೊಂದರೆ ಇರುವುದು ಸಂದಿಗಳಲ್ಲಿ. ಕಣಗಳು ಒಂದನ್ನೊಂದು ಮುಟ್ಟುವುದು ಚುಕ್ಕೆಯಷ್ಟು ಜಾಗದಲ್ಲಿ, ಉಳಿದದ್ದೆಲ್ಲ ಗಾಳಿ. ಗಾಳಿಯ ಶಾಖವಾಹಕತೆ (ಮೀಟರ್-ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿ) ಸುಮಾರು 0.025. ನೀರಿನದು 0.6, ಅಂದರೆ 20 ಪಟ್ಟಿಗೂ ಜಾಸ್ತಿ! ಮೊದಲು ಬಂದ ನೀರು ಕಣಗಳು ಮುಟ್ಟುವ ಕಡೆಯೇ ಅಂಟಿಕೊಂಡು ಸೇತುವೆಯಾಗುತ್ತದೆ. ಹಾಗಾಗಿ ಶುರುವಿನ ಸ್ವಲ್ಪ ತೇವವೇ ದೊಡ್ಡ ವ್ಯತ್ಯಾಸ ತರುತ್ತದೆ. ಒಣಗಿದಾಗ 0.3ರ ಆಸುಪಾಸು ಇರುವ ಮರಳು, ಪೂರ್ತಿ ನೆನೆದಾಗ 2 ದಾಟಬಹುದು.

ನೆಲದಡಿ ವಿದ್ಯುತ್ ಕೇಬಲ್ ಹಾಕುವವರಿಗೆ ಇದು ನಿಜವಾದ ತಲೆನೋವು. ಕೇಬಲ್ಲಿನ ಬಿಸಿಗೆ ಸುತ್ತಲಿನ ಮಣ್ಣು ಒಣಗುತ್ತದೆ. ಒಣಗಿದ ಮಣ್ಣು ಶಾಖವನ್ನು ಸರಿಯಾಗಿ ಆಚೆ ಬಿಡುವುದಿಲ್ಲ, ಕೇಬಲ್ ಇನ್ನಷ್ಟು ಕಾಯುತ್ತದೆ. ಅದಕ್ಕೇ ಸುಮ್ನೆ ಅಗೆದ ಮಣ್ಣನ್ನೇ ಮುಚ್ಚದೆ, ದಪ್ಪ-ಸಣ್ಣ ಕಣಗಳು ಬೆರೆತ ಮರಳನ್ನು ಗಟ್ಟಿಯಾಗಿ ಒತ್ತಿ ತುಂಬುವುದುಂಟು. ಸಂದಿ ಕಡಿಮೆಯಾದರೆ ಒಣಗಿದರೂ ಶಾಖಕ್ಕೆ ದಾರಿ ಇರುತ್ತದೆ.