ಕ್ರಾಂತಿಗೆ ದುಡ್ಡು ಯಾರು ಹಾಕ್ತಿದ್ದಾರೆ, ಮೊದಲು ಅದನ್ನ ಬರೀರಿ

ನಿಮ್ಮ ಸೈನ್ಸ್ ಫಿಕ್ಷನ್ ಧಾರಾವಾಹಿಯ ಔಟ್‌ಲೈನ್ ಓದಿದೆ. ಉಸಿರಾಡೋ ಗಾಳಿಗೂ ತೆರಿಗೆ ಹಾಕೋ ಗಣಿ ಕಂಪನಿ, ಅದರ ವಿರುದ್ಧ ಎದ್ದು ನಿಂತ ಬಂಡಾಯದ ನಾಯಕಿ. ಮೂರು ಎಪಿಸೋಡ್ ಅವಳು ಆಡೋ ಮಾತೆಲ್ಲ ಸರಿ. ನಾಲ್ಕರಲ್ಲಿ ದಿಢೀರನೆ ಅವಳೇ ಆಸ್ಪತ್ರೆಗೆ ಬಾಂಬ್ ಇಡ್ತಾಳೆ! ಯಾಕೆ? ಅವಳ ಪ್ರಶ್ನೆಗೆ ನಿಮ್ಮ ಹೀರೋ ಹತ್ರ ಉತ್ತರ ಇಲ್ಲ, ಅದಕ್ಕೆ. ನಾನೂ ಇದೇ ಹಳ್ಳಕ್ಕೆ ಬಿದ್ದವನು, ದೂರದಿಂದಲೇ ಗುರುತು ಸಿಗುತ್ತೆ.

2021ರ ಮಾರ್ವೆಲ್ ಧಾರಾವಾಹಿ 'ದಿ ಫಾಲ್ಕನ್ ಅಂಡ್ ದಿ ವಿಂಟರ್ ಸೋಲ್ಜರ್' ಮಾಡಿದ್ದೂ ಇದೇ. ನಿರಾಶ್ರಿತರಿಗೆ ಔಷಧಿ ಸಾಗಿಸ್ತಿದ್ದ ಬಂಡಾಯದ ನಾಯಕಿ ಕಾರ್ಲಿ, ಮೂರನೇ ಎಪಿಸೋಡಲ್ಲಿ ಒಳಗೆ ಜನ ಇದ್ದ ಕಟ್ಟಡವನ್ನೇ ಸ್ಫೋಟಿಸ್ತಾಳೆ. ಅಲ್ಲಿಗೆ ವಾದ ಖತಂ. ಮಾರ್ವೆಲ್ ಈ ಚಾಳಿ ಬಿಡಲ್ಲ, ನೀವಾದ್ರೂ ಬಿಡಿ.

ನನಗೆ ಫಲ ಕೊಟ್ಟ ದಾರಿ ಒಂದೇ: ಭಾಷಣ ಬರೆಯೋ ಮುಂಚೆ ಲೆಕ್ಕದ ಪುಸ್ತಕ ಬರೀರಿ. ಬಂದೂಕಿಗೆ ದುಡ್ಡು ಎಲ್ಲಿಂದ, ರಾತ್ರಿ ಯಾರ ಮನೇಲಿ ಮಲಗ್ತಾರೆ, ಸಿಕ್ಕಿಬಿದ್ರೆ ಯಾರ ಹೆಸರು ಹೊರಗೆ ಬರುತ್ತೆ. 'ಸ್ಟಾರ್ ವಾರ್ಸ್' ಲೋಕದ ಧಾರಾವಾಹಿ 'ಆಂಡೋರ್' (2022) ಗೆದ್ದಿದ್ದೇ ಇಲ್ಲಿ. ಮಾನ್ ಮಾತ್ಮಾ ಗುಟ್ಟಾಗಿ ದಂಗೆಗೆ ಹಣ ಕೊಡೋ ಸೆನೆಟರ್. ಅವಳ ಖಾತೆಯಲ್ಲಿ 4 ಲಕ್ಷ ಕ್ರೆಡಿಟ್ (ಅಲ್ಲಿನ ದುಡ್ಡು) ಕೊರತೆ. ಮುಚ್ಚಿಹಾಕೋಕೆ ಒಬ್ಬ ಅಡ್ಡದಾರಿ ಬ್ಯಾಂಕರ್ ಬರ್ತಾನೆ. ಅವನಿಗೆ ಬಡ್ಡಿ ಬೇಡ, ಮುಂದೆ ಮದುವೆಯಾಗಲಿ ಅಂತ ತನ್ನ ಮಗನಿಗೆ ಅವಳ ಮಗಳ ಪರಿಚಯ ಮಾಡಿಸಬೇಕಂತೆ. ಒಂದು ಗುಂಡೂ ಹಾರಲ್ಲ, ನೋಡೋರಿಗೆ ಹೊಟ್ಟೆ ತೊಳಸುತ್ತೆ. ಅದೇ ಸೀಸನ್ನಲ್ಲಿ ದಂಗೆಯ ಗುಪ್ತ ಸೂತ್ರಧಾರ ಲೂಥೆನ್, ತನ್ನ ಒಬ್ಬ ಗೂಢಚಾರ ಬಯಲಾಗಬಾರದು ಅಂತ, ಇನ್ನೊಂದು ಬಂಡುಕೋರ ದಳ ಬಲೆಗೆ ಬೀಳ್ತಿದೆ ಅಂತ ಗೊತ್ತಿದ್ದೂ ಸುಮ್ಮನಿರ್ತಾನೆ. ಕ್ರೌರ್ಯ ಬೇಕಿದ್ರೆ ಹೀಗೆ ಬರಲಿ, ಕೆಲಸದ ಒಳಗಿಂದ.

ಹಾಗಂತ ನಿಮ್ಮ ನಾಯಕಿ ಕೈಗೆ ರಕ್ತವೇ ಹತ್ತಬಾರದು ಅಂತಲ್ಲ. ಅದು ಇನ್ನೂ ದೊಡ್ಡ ಸುಳ್ಳು. 'ಸ್ಟಾರ್ ಟ್ರೆಕ್' ಸರಣಿಯ 'ಡೀಪ್ ಸ್ಪೇಸ್ ನೈನ್'ನ 1997ರ ಒಂದು ಎಪಿಸೋಡಲ್ಲಿ, ತನ್ನ ಲೋಕವನ್ನ ಆಕ್ರಮಿಸಿದವರ ವಿರುದ್ಧ ಹೋರಾಡಿದ್ದ ಕೀರಾ ಹಿಂದೆ ಇಟ್ಟ ಬಾಂಬಿಂದ ಮುಖ ಸುಟ್ಟುಕೊಂಡವನು ಸೇಡಿಗೆ ಬರ್ತಾನೆ. ಅವನು ಆಕ್ರಮಣಕಾರರ ಅಧಿಕಾರಿಯೊಬ್ಬನ ಮನೆಯಲ್ಲಿ ಬಟ್ಟೆ ಶುಚಿ ಮಾಡ್ತಿದ್ದ ಆಳು, ಸೈನಿಕನಲ್ಲ. ಕೀರಾ ಅಳಲ್ಲ, ಕ್ಷಮೆ ಕೇಳಲ್ಲ. ಆಕ್ರಮಿಸಿದವರೆಲ್ಲರೂ ಗುರಿಯೇ ಅಂತಾಳೆ. ಸರಿಯೋ ತಪ್ಪೋ, ಧಾರಾವಾಹಿ ನಮಗೇ ಬಿಡುತ್ತೆ. 1970ರ ದಶಕದ ಬ್ರಿಟಿಷ್ ಧಾರಾವಾಹಿ 'ಬ್ಲೇಕ್ಸ್ ಸೆವೆನ್' ಕೂಡ ನೋಡಿ, ಅದರ ಅಗ್ಗದ ಸೆಟ್ ನೋಡಿ ನಗಬೇಡಿ. ಎಷ್ಟೋ ಲೋಕಗಳ ಹವಾಮಾನ ನಡೆಸೋ ಕಂಪ್ಯೂಟರನ್ನೇ ಒಡೀತೀನಿ ಅಂತ ಬಂಡುಕೋರರ ನಾಯಕ ಬ್ಲೇಕ್ ಹೊರಟಾಗ, ಸಾಯೋ ಜನರ ಲೆಕ್ಕ ಕೇಳೋಳು ಅವನ ಸಂಗಾತಿ ಕ್ಯಾಲಿ, ಶತ್ರು ಅಲ್ಲ. ನಿಮ್ಮ ಗುಂಪಿನಲ್ಲಿ ಅಂಥವಳು ಒಬ್ಬಳೂ ಇಲ್ಲ, ಎಲ್ಲರೂ ತಲೆಯಾಡಿಸೋರೇ.

ಭಾಷಣ ಎರಡನೇ ಎಪಿಸೋಡಿಗೇ ಖರ್ಚು ಮಾಡಬೇಡಿ. 'ಆಂಡೋರ್'ನಲ್ಲಿ ನಾಯಕನ ಸಾಕುತಾಯಿ ಮಾರ್ವಾ ಮೊದಲೇ ರೆಕಾರ್ಡ್ ಮಾಡಿಟ್ಟ ಮಾತು ಬರೋದು ಹನ್ನೆರಡನೇದರಲ್ಲಿ, ಅವಳದೇ ಶವಯಾತ್ರೆಯಲ್ಲಿ. ಆಮೇಲೆ ಅವಳ ಬೂದಿಯಿಂದ ಮಾಡಿದ ಇಟ್ಟಿಗೆಯಲ್ಲೇ ಸೈನಿಕನಿಗೆ ಏಟು.

ವೇಷದ ಬಗ್ಗೆ: 'ದಿ ಎಕ್ಸ್‌ಪ್ಯಾನ್ಸ್' ಧಾರಾವಾಹಿಯ ಬೆಲ್ಟರ್‌ಗಳು (ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ದುಡಿಯೋ ಜನ) ಕೈ ಅಲ್ಲಾಡಿಸಿ ಮಾತಾಡ್ತಾರೆ, ಸ್ಪೇಸ್‌ಸೂಟ್ ಒಳಗಿದ್ರೆ ತಲೆಯಾಡಿಸಿದ್ದು ಕಾಣಲ್ಲವಲ್ಲ. ದುಡಿಮೆಯಿಂದ ಬಂದ ಅಭ್ಯಾಸ ಅದು. ನಿಮ್ಮ ನಾಯಕಿಗೂ ಅಂಥದ್ದೊಂದು ಕೊಡಿ, ಆ ಕಪ್ಪು ಚರ್ಮದ ಕೋಟು ತೆಗೆಸಿ. ಗಣಿಯಲ್ಲಿ ಗಾಳಿಗೇ ಸಾಲ ಮಾಡೋಳಿಗೆ ಇಸ್ತ್ರಿ ಹಾಕಿದ ಕೋಟು ಎಲ್ಲಿಂದ ಬಂತು?