ಸೇವೆ ಅಂದಮೇಲೆ ಸಂಬಳ ಯಾಕೆ?

ಸಂಪಾದಕರ ಉತ್ತರ

ಸಕಲೇಶಪುರ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರು ಖಜಾಂಚಿಯಾಗಿರುವ ಚಿಕ್ಕ ಟ್ರಸ್ಟು ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುತ್ತದೆ, ಅಂಗವಿಕಲ ಮಕ್ಕಳಿಗೆ ವಾರಕ್ಕೆರಡು ದಿನ ವ್ಯಾಯಾಮ ಮಾಡಿಸುತ್ತದೆ. ಅದರ ವಾರ್ಷಿಕೋತ್ಸವಕ್ಕೆ ಬಂದ ಜನಪ್ರತಿನಿಧಿಯೊಬ್ಬರು ವೇದಿಕೆಯಲ್ಲಿ ಮೂರು ಮಾತು ಹೇಳಿದರಂತೆ. ಒಂದು, ಕಣ್ಣಿನ ಶಿಬಿರ, ರಕ್ತದಾನ, ನೋಟ್‌ಬುಕ್ ವಿತರಣೆಯಂಥ ಜನರಿಗೆ ಕಾಣುವ ಕೆಲಸಕ್ಕೆ ಆದ್ಯತೆ ಕೊಡಿ. ಎರಡು, ಸೇವೆ ಅಂದಮೇಲೆ ಸಂಬಳ ಯಾಕೆ, ದಾನದ ದುಡ್ಡು ಪೂರ್ತಿ ಬಡವರಿಗೇ ಹೋಗಲಿ. ಮೂರು, ಪಂಚಾಯಿತಿಗೆ, ತಾಲ್ಲೂಕು ಕಚೇರಿಗೆ ಹೋಗಿ ಪ್ರಶ್ನೆ ಕೇಳುವುದು ನಿಮ್ಮ ಕೆಲಸವಲ್ಲ, ಅದು ರಾಜಕೀಯ. "ಸಭೆ ಚಪ್ಪಾಳೆ ತಟ್ಟಿತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅವರು ಹೇಳಿದ್ದು ಸರಿಯೇ?" ಎಂದು ಮೇಷ್ಟ್ರು ಕೇಳಿದ್ದಾರೆ.

ನಮಸ್ಕಾರ ಮೇಷ್ಟ್ರೇ,

ಚಪ್ಪಾಳೆ ತಟ್ಟಿದವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ದಾನದ ದುಡ್ಡು ಒಂದು ಪೈಸೆಯೂ ಸೋರದೆ ಬಡವರ ಕೈ ಸೇರಬೇಕು ಎಂಬ ಮಾತು ಯಾರ ಕಿವಿಗಾದರೂ ಹಿತವಾಗಿಯೇ ಕೇಳುತ್ತದೆ. ಆದರೆ ನಿಮ್ಮ ನಿದ್ದೆ ಕೆಟ್ಟಿದ್ದಕ್ಕೆ ಕಾರಣವಿದೆ. ಆ ಮೂರು ಮಾತಿನಲ್ಲಿ ಎರಡನೆಯದು ತಪ್ಪು, ಮೂರನೆಯದು ಅಪಾಯ. ಮೊದಲನೆಯದರಲ್ಲಿ ಮಾತ್ರ ಅರ್ಧ ಸತ್ಯವಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಜಿಲ್ಲೆಯ ಯಾವ ಶಾಸಕರ ಮನೆ ಮುಂದಾದರೂ ಬೆಳಗ್ಗೆ ಏಳು ಗಂಟೆಗೆ ಹೋಗಿ ನಿಂತು ನೋಡಿ. ಆಸ್ಪತ್ರೆ ಬಿಲ್ಲು ಹಿಡಿದವರು, ಮಗಳ ಕಾಲೇಜು ಫೀಸಿಗೆ ಬಂದವರು, ಲಗ್ನಪತ್ರಿಕೆಯ ಜೊತೆ ಕಷ್ಟವನ್ನೂ ಹೊತ್ತು ತಂದವರು, ರಾತ್ರಿ ಆನೆ ತುಳಿದ ಗದ್ದೆಯನ್ನು ಮೊಬೈಲಿನಲ್ಲಿ ತೋರಿಸುವವರು. ತಿಂಡಿ ತಿನ್ನುವಷ್ಟರಲ್ಲಿ ಅಷ್ಟೂ ಜನಕ್ಕೆ ಏನಾದರೂ ಹೇಳಿ ಕಳಿಸಬೇಕು. ಹೀಗೆ ದಿನ ತೆಗೆಯುವ ಮನುಷ್ಯನಿಗೆ ಸಹಾಯ ಎಂದರೆ ಕೈಗೆ ಕೊಟ್ಟು ಮುಗಿಸುವ ವಸ್ತುವಾಗಿ ಕಾಣುವುದು ಸಹಜ. ಅದನ್ನು ನಾನು ದುರುದ್ದೇಶ ಅನ್ನುವುದಿಲ್ಲ. ಕಣ್ಣಿನ ಶಿಬಿರ ಹಗುರವಾದ ಕೆಲಸವೂ ಅಲ್ಲ. ಪೊರೆ ತೆಗೆಸಿಕೊಂಡ ಅಜ್ಜಿಗೆ ಮೊಮ್ಮಗನ ಮುಖ ಕಂಡಿತು ಎಂದರೆ ಅದು ದೊಡ್ಡ ಪುಣ್ಯ. ಆದರೆ ಪೊರೆ ಒಂದು ದಿನದಲ್ಲಿ ತೆಗೆದು ಮುಗಿಯುವಂಥದ್ದು. ನೀವು ಕೈಹಾಕಿರುವುದು ಒಂದು ದಿನದಲ್ಲಿ ಮುಗಿಯದ ಕಷ್ಟಗಳಿಗೆ.

ನಿಮ್ಮ ಟ್ರಸ್ಟಿನಂಥದ್ದೇ ಇನ್ನೊಂದು ಸಂಸ್ಥೆಯ ಕಾರ್ಯಕರ್ತೆಯ ಜೊತೆ ಹೋದ ಮಳೆಗಾಲದಲ್ಲಿ ನಾನು ಒಂದು ತೋಟದ ಆಳುಗಳ ಲೈನ್ ಮನೆಗೆ ಹೋಗಿದ್ದೆ. ಬಸ್ಸಿಳಿದು ಒಂದೂವರೆ ಮೈಲಿ ಕೆಸರು ದಾರಿ. ಒಳಗೆ ಲಕ್ವ ಹೊಡೆದು ಮಲಗಿದ ಅರುವತ್ತರ ಮನುಷ್ಯ, ಬೆನ್ನಿನ ಕೆಳಗೆ ಅಂಗೈಯಗಲ ಹಾಸಿಗೆ ಹುಣ್ಣು. ಅಟ್ಟದ ಮೇಲೆ ಒಂದು ವಾಟರ್ ಬೆಡ್ಡು ಮಡಚಿದ ಹಾಗೇ ಇತ್ತು, ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ. ಕವರಿನ ಮೇಲೆ ಕೊಟ್ಟವರ ಹೆಸರಿನ ಸ್ಟಿಕ್ಕರ್. ಯಾವುದೋ ಸಮಾರಂಭದಲ್ಲಿ ಕೊಟ್ಟಿದ್ದರಂತೆ, ಫೋಟೊ ತೆಗೆದಿದ್ದರಂತೆ. ಅದಕ್ಕೆ ನೀರು ಹೇಗೆ ತುಂಬಬೇಕು ಎಂದು ಆ ಮನೆಯವರಿಗೆ ಯಾರೂ ತೋರಿಸಿರಲಿಲ್ಲ.

ಆ ಹೆಣ್ಣುಮಗಳು ಸೆರಗು ಸಿಕ್ಕಿಸಿಕೊಂಡು ಅದನ್ನು ಇಳಿಸಿದರು. ಸೊಸೆಯ ಕೈಲಿ ಕೊಡದಲ್ಲಿ ನೀರು ತರಿಸಿ ತುಂಬಿಸುತ್ತಾ, ಮೊಣಕೈಯಿಂದ ಒತ್ತಿ ಒತ್ತಿ ಒಳಗಿನ ಗಾಳಿಯನ್ನೆಲ್ಲ ಹೊರಗೆ ಬಿಟ್ಟರು. ರೋಗಿಯನ್ನು ಅದರ ಮೇಲೆ ಮಲಗಿಸಿ ಸೊಂಟದಡಿಗೆ ತಮ್ಮ ಕೈ ತೂರಿಸಿ, ಮಂಚದ ಹಲಗೆ ತಾಗುತ್ತದೆಯೇ ಎಂದು ನೋಡಿದರು. ತಾಗುತ್ತಿತ್ತು. ಇನ್ನೆರಡು ಕೊಡ ಹಾಕಿಸಿದರು. ಆಮೇಲೆ ಹುಣ್ಣು ತೊಳೆದು, ಡ್ರೆಸ್ಸಿಂಗ್ ಮಾಡಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆಂದು ಸೊಸೆಯ ಕೈ ಹಿಡಿದೇ ಕಲಿಸಿದರು. ಎರಡು ತಿಂಗಳು ಬಿಟ್ಟು ನಾನು ವಿಚಾರಿಸಿದಾಗ ಹುಣ್ಣು ಒಂದು ರೂಪಾಯಿ ಅಗಲಕ್ಕೆ ಇಳಿದಿತ್ತು. ಅಷ್ಟರಲ್ಲಿ ಅವರು ಆ ಮನೆಗೆ ಹದಿನಾರು ಸಲ ಹೋಗಿದ್ದರು.

ಈಗ ಹೇಳಿ ಮೇಷ್ಟ್ರೇ, ಅಲ್ಲಿ ಬಡವರಿಗೆ ಸೇರಿದ್ದು ಯಾವುದು? ವಾಟರ್ ಬೆಡ್ಡು ದಾನ, ಅದು ಪೂರ್ತಿ ಬಡವರಿಗೇ ಹೋಯಿತು, ಅಟ್ಟದ ಮೇಲೆ ಕೂತಿತ್ತು. ಆ ಹದಿನಾರು ಭೇಟಿಗೆ ಬಸ್ ಚಾರ್ಜು, ಆ ಹೆಣ್ಣುಮಗಳ ಮನೆಯ ಒಲೆ ಉರಿಯುವಷ್ಟು ಸಂಬಳ, ಇದನ್ನೇ ವೇದಿಕೆಯಲ್ಲಿ "ಸೋರಿಕೆ" ಎಂಬ ಹಾಗೆ ಮಾತಾಡಿದ್ದು. ನಿಮ್ಮ ಕಾರ್ಯಕರ್ತೆಯರಿಗೆ ಮೂರು ತಿಂಗಳಿಂದ ಗೌರವಧನ ಕೊಡಲಾಗಿಲ್ಲ ಎಂದು ಬರೆದಿದ್ದೀರಿ. ಅವರು ಬಿಟ್ಟು ಹೋದರೆ ನಿಮ್ಮ ಟ್ರಸ್ಟಿನಲ್ಲಿ ಉಳಿಯುವುದು ಒಂದು ಬೀರು, ಒಂದು ಫ್ಲೆಕ್ಸು.

ಇದು ಆ ಒಬ್ಬರ ಅಭಿಪ್ರಾಯ ಮಾತ್ರವಲ್ಲ. ರಾಜಕಾರಣಿಗಳ ಮನಸ್ಸು ತಿಳಿಯಬೇಕಾದರೆ ಅವರ ಭಾಷಣಕ್ಕಿಂತ ಅವರು ಸೇರಿ ಮಾಡಿದ ಕಾಯ್ದೆಗಳನ್ನು ಓದುವುದು ಮೇಲು. ಅಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ ಎರಡು ದನಿ ಒಟ್ಟಿಗೇ ಕೇಳುತ್ತವೆ. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಮಾಡಿ, ಹೆಂಗಸರ, ಮಕ್ಕಳ ಕೆಲಸ ಮಾಡುವ ಸೇವಾ ಸಂಸ್ಥೆಗಳಿಗೆ ಸರ್ಕಾರವೇ ಅನುದಾನ ಕೊಟ್ಟಿತು. 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಬಂತು. 1982ರಲ್ಲಿ ಗಾಂಧಿವಾದಿ ಸಂಸ್ಥೆಗಳ ಮೇಲೇ ತನಿಖೆಗೆ ಕುದಾಲ್ ಆಯೋಗ ಕೂತಿತು. ಅದಾಗಿ ಮೂರೇ ವರ್ಷಕ್ಕೆ, 1985ರಲ್ಲಿ ಶುರುವಾದ ಏಳನೇ ಪಂಚವಾರ್ಷಿಕ ಯೋಜನೆ, ಹಳ್ಳಿಗಳ ಅಭಿವೃದ್ಧಿಗೆ ಸ್ವಯಂಸೇವಾ ಸಂಸ್ಥೆಗಳು ಬೇಕು ಎಂದಿತು. 2007ರಲ್ಲಿ ಕೇಂದ್ರ ಸಂಪುಟ ಸ್ವಯಂಸೇವಾ ವಲಯಕ್ಕೊಂದು ರಾಷ್ಟ್ರೀಯ ನೀತಿಯನ್ನೇ ಒಪ್ಪಿತು. 2010ರಲ್ಲಿ ಒಂದು ಸರ್ಕಾರ ವಿದೇಶಿ ದೇಣಿಗೆಗೆ ಹೊಸ ಕಾಯ್ದೆ ತಂದಿತು, 2020ರಲ್ಲಿ ಇನ್ನೊಂದು ಸರ್ಕಾರ ಅದನ್ನು ಮತ್ತಷ್ಟು ಬಿಗಿ ಮಾಡಿತು. ಪಕ್ಷ ಯಾವುದೇ ಇರಲಿ, ಬನ್ನಿ ಎನ್ನುವ ಕೈ ಒಂದು, ನಿಲ್ಲಿ ಎನ್ನುವ ಕೈ ಇನ್ನೊಂದು.

2020ರ ತಿದ್ದುಪಡಿ ವಿದೇಶಿ ದೇಣಿಗೆಯಲ್ಲಿ ಆಡಳಿತ ಖರ್ಚಿನ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ನಿಮ್ಮದು ವಿದೇಶಿ ಹಣ ಮುಟ್ಟದ ಟ್ರಸ್ಟು, ನಿಮಗೆ ಇದು ನೇರವಾಗಿ ತಾಗದು. ಆದರೆ ಅದೇ ತಿದ್ದುಪಡಿ, ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ಕೊಡುವುದನ್ನೂ ನಿಲ್ಲಿಸಿತು. ಬೆಂಗಳೂರಿನ ದೊಡ್ಡ ಸಂಸ್ಥೆಗಳ ಮೂಲಕ ತಾಲ್ಲೂಕು ಮಟ್ಟದ ಚಿಕ್ಕವಕ್ಕೆ ಹಣ ಇಳಿದು ಬರುವ ದಾರಿ ಅಲ್ಲಿಗೆ ಮುಚ್ಚಿತು. ಆದರೂ ಇದೇ ಕಾಯ್ದೆಯ ನಿಯಮಗಳಲ್ಲಿ ಒಂದು ಒಳ್ಳೆಯ ಮಾತಿದೆ. ಆಸ್ಪತ್ರೆಯ ವೈದ್ಯರ ಸಂಬಳ, ಶಾಲೆಯ ಮೇಷ್ಟ್ರ ಸಂಬಳ ಆಡಳಿತ ಖರ್ಚಿನ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಸೇವೆ ಮಾಡುವ ಕೈಗೆ ಕೊಡುವ ಸಂಬಳವೇ ಸೇವೆ ಎಂದು ಇಷ್ಟು ಬಿಗಿಯಾದ ಕಾಯ್ದೆಯೂ ಒಪ್ಪಿದೆ. ನಿಮ್ಮ ಅತಿಥಿಗಳಿಗೆ ಇದನ್ನು ಧಾರಾಳವಾಗಿ ಹೇಳಬಹುದು.

ಕಂಪನಿಗಳ ಸಿಎಸ್‌ಆರ್ ಹಣ ನಮ್ಮ ಕಡೆ ಯಾಕೆ ಬರುವುದಿಲ್ಲ ಎಂದೂ ಕೇಳಿದ್ದೀರಿ. 2013ರ ಕಂಪನಿ ಕಾಯ್ದೆಯ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಆಸ್ತಿ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾನು ಇರುವ ಸುತ್ತಮುತ್ತಲಿಗೆ ಮೊದಲ ಆದ್ಯತೆ ಕೊಡಬೇಕು ಎಂದೂ ಕಾಯ್ದೆಯಲ್ಲಿದೆ. ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ ಹೆಚ್ಚಿನವು ಕುಟುಂಬದವು, ಕಂಪನಿಗಳೇ ಅಲ್ಲ. ಹಾಗಾಗಿ ಆಲೂರು, ಸಕಲೇಶಪುರ, ಮೂಡಿಗೆರೆಯ ಒಳಹಳ್ಳಿಗೆ ಆ ಹಣ ತಾನಾಗಿ ಹರಿದು ಬರುವುದಿಲ್ಲ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿ. ಸಿಎಸ್‌ಆರ್–1 ಎಂಬ, ಆ ಹಣ ಪಡೆಯುವ ಸಂಸ್ಥೆಗಳ ನೋಂದಣಿ ಮಾಡಿಸದೆ ಮಾತ್ರ ಹೋಗಬೇಡಿ.

ಇನ್ನು ನಮ್ಮ ಜಿಲ್ಲೆಯದೇ ಒಂದು ಸಂಗತಿ. 1944ರ ಫೆಬ್ರುವರಿಯಲ್ಲಿ ಕಸ್ತೂರಬಾ ಅವರು ಪುಣೆಯ ಆಗಾ ಖಾನ್ ಅರಮನೆಯ ಸೆರೆಯಲ್ಲಿ ತೀರಿಕೊಂಡಾಗ, ಅವರ ನೆನಪಿಗೆಂದು ದೇಶವೆಲ್ಲ ಹಣ ಕೂಡಿಸಿತು. ಆ ನಿಧಿಯಿಂದ ಪ್ರತಿಮೆ ನಿಲ್ಲಿಸಬಹುದಿತ್ತು. ಗಾಂಧೀಜಿ ಅದನ್ನು ಹಳ್ಳಿಯ ಹೆಂಗಸರು, ಮಕ್ಕಳಿಗಾಗಿ ಇಟ್ಟರು. ಹಳ್ಳಿಯಲ್ಲಿದ್ದು ದುಡಿಯುವ ಹೆಣ್ಣುಮಕ್ಕಳನ್ನು ತರಬೇತಿ ಕೊಟ್ಟು ತಯಾರು ಮಾಡುವುದೇ ಆ ನಿಧಿಯಿಂದ ಹುಟ್ಟಿದ ಕಸ್ತೂರಬಾ ಟ್ರಸ್ಟಿನ ದೊಡ್ಡ ಕೆಲಸವಾಯಿತು. ಅದರ ಕರ್ನಾಟಕ ಶಾಖೆ ಇರುವುದು ನಮ್ಮ ಅರಸೀಕೆರೆಯಲ್ಲಿ. ಅದನ್ನು ಇಲ್ಲಿ ಕಟ್ಟುವುದಕ್ಕೆ ದುಡಿದವರಲ್ಲಿ ಯಶೋಧರಾ ದಾಸಪ್ಪ ಮುಖ್ಯರು. ಅವರು ರಾಜಕಾರಣಿಯೂ ಹೌದು, ರಾಜ್ಯದಲ್ಲಿ ಮಂತ್ರಿಯಾಗಿದ್ದವರು. ಪಾನನಿಷೇಧವನ್ನು ತೆಗೆಯುವ ತೀರ್ಮಾನ ಬಂದಾಗ ಆ ಕುರ್ಚಿಯನ್ನು ಬಿಟ್ಟು ಎದ್ದು ಬಂದವರು. 1972ರಲ್ಲಿ ಅವರಿಗೆ ಪದ್ಮಭೂಷಣ ಬಂತು. ದಾನದ ಹಣವನ್ನು ಮನುಷ್ಯರನ್ನು ತಯಾರು ಮಾಡಲು ಹಾಕುವುದು, ಬೇಕಾದಾಗ ಸರ್ಕಾರದ ಎದುರು ನಿಂತು ಮಾತಾಡುವುದು, ಎರಡೂ ಈ ಜಿಲ್ಲೆಯ ನೆಲಕ್ಕೆ ಹೊಸದಲ್ಲ. ಅತಿಥಿಗಳು ಹೇಳಿದ ಎರಡನೇ ಮಾತಿಗೂ ಮೂರನೇ ಮಾತಿಗೂ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಮೂರನೇ ಮಾತನ್ನು ನಾನು ಅಪಾಯ ಎಂದದ್ದು ಯಾಕೆಂದರೆ, ಪ್ರಶ್ನೆ ಕೇಳದಿದ್ದರೆ ದಾನದ ಹಣ ಬೇರೆಯವರ ಜವಾಬ್ದಾರಿಯನ್ನು ಹೊತ್ತುಕೊಳ್ಳುತ್ತದೆ. ಅಸ್ಸಾಮಿನಿಂದ ಬಂದ ಆಳುಗಳ ಮಕ್ಕಳಿಗೆ ಶಿಶುವಿಹಾರ ತೆರೆಯುವ ಯೋಚನೆ ಇದೆ ಎಂದು ಬರೆದಿದ್ದೀರಿ. ಒಳ್ಳೆಯದು. ಆದರೆ 50 ಹೆಣ್ಣಾಳುಗಳಿರುವ, ಇಲ್ಲವೇ ಅವರ 20 ಮಕ್ಕಳಿರುವ ತೋಟದಲ್ಲಿ ಶಿಶುವಿಹಾರ ನಡೆಸುವುದು ಮಾಲೀಕರ ಹೊಣೆ ಎಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಮೊದಲು ಅಲ್ಲಿ ಕೇಳಿ. ಚಿಕ್ಕ ತೋಟಗಳ ಮಕ್ಕಳು ಈ ಲೆಕ್ಕಕ್ಕೆ ಸಿಗುವುದಿಲ್ಲ, ನಿಮ್ಮ ದುಡ್ಡು ಅವರಿಗಿರಲಿ. ಹಾಗೆಯೇ ಗ್ರಾಮ ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆಂದು ತೆಗೆದಿಡಬೇಕು. ನಿಮ್ಮ ಟ್ರಸ್ಟು ನೋಡಿಕೊಳ್ಳುವ ಹನ್ನೊಂದು ಮಕ್ಕಳ ಹೆಸರು ಬರೆದುಕೊಂಡು ಹೋಗಿ ಆ ಹಣ ಎಲ್ಲಿ ಖರ್ಚಾಯಿತು ಎಂದು ಪಿಡಿಒ ಅವರನ್ನು ಕೇಳುವುದು ರಾಜಕೀಯ ಹೇಗಾದೀತು? 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ವಿದೇಶಿ ದೇಣಿಗೆಯ ಮೊಕದ್ದಮೆಯೊಂದರಲ್ಲಿ ಇದನ್ನು ಬಿಡಿಸಿ ಹೇಳಿದೆ. ರಾಜಕೀಯ ಗುರಿಯಿಲ್ಲದೆ, ಸಾರ್ವಜನಿಕ ಹಿತಕ್ಕಾಗಿ ಬಂದ್, ಹರತಾಳದಂಥ ದಾರಿ ಹಿಡಿದ ಸಂಸ್ಥೆಯನ್ನೂ ರಾಜಕೀಯ ಸಂಸ್ಥೆ ಎಂದು ಪಕ್ಕಕ್ಕೆ ತಳ್ಳುವಂತಿಲ್ಲ ಎಂದಿದೆ. ನೀವಂತೂ ಒಂದು ಅರ್ಜಿ ಹಿಡಿದುಕೊಂಡು ಹೋಗಿದ್ದಿರಿ.

ಪ್ರಶ್ನೆ ಕೇಳದೆ ಕೊಟ್ಟು ನಾವೇ ತಪ್ಪು ಮಾಡಿದ್ದೇವೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿದಾಗ ನಮ್ಮ ಪತ್ರಿಕೆಯ ಓದುಗರು ಕೊಟ್ಟ ಕಂಬಳಿಗಳನ್ನು ಜೀಪಿನಲ್ಲಿ ಹೇರಿಕೊಂಡು ಹೋದೆವು. ಪರಿಹಾರ ಕೇಂದ್ರದಲ್ಲಿ ಆಗಲೇ ಸೂರಿನವರೆಗೆ ಕಂಬಳಿ ಇದ್ದವು. ಒಬ್ಬ ತಾಯಿ ನೆನೆದ ಪಹಣಿ, ಪಡಿತರ ಚೀಟಿ, ಮಗನ ಅಂಕಪಟ್ಟಿಯನ್ನು ಒಲೆಯ ದಂಡೆಯ ಮೇಲೆ ಒಂದೊಂದಾಗಿ ಹರಡಿ ಒಣಗಿಸುತ್ತಿದ್ದರು. "ಅರ್ಜಿ ಬರ್ಕೊಡೋರು ಯಾರಾದ್ರೂ ಬಂದಿದ್ದೀರಾ?" ಎಂದು ಕೇಳಿದರು. ನಮ್ಮ ಐದು ಜನರಲ್ಲಿ ನಾಲ್ವರು ದಿನವಿಡೀ ಬರೆಯುವ ಕೆಲಸದವರೇ. ಸಂಜೆಯ ಹೊತ್ತಿಗೆ ಕತ್ತಲಾಗುತ್ತದೆ ಎಂದು ಹೊರಟು ಬಂದೆವು. ಅವರ ಮನೆಯ ಕಾಗದ ಮುಂದೆ ಏನಾಯಿತೋ ಎಂಬ ಕೊರಗು ನನಗೆ ಇನ್ನೂ ಹೋಗಿಲ್ಲ.

ಆ ಜನಪ್ರತಿನಿಧಿಯ ಮೇಲೆ ಕೋಪ ಬೇಡ ಮೇಷ್ಟ್ರೇ, ಅವರನ್ನು ಮತ್ತೊಮ್ಮೆ ಕರೆಯಿರಿ. ಈ ಸಲ ವೇದಿಕೆಗಲ್ಲ, ಒಂದು ಬೆಳಗ್ಗೆ ನಿಮ್ಮ ಕಾರ್ಯಕರ್ತೆಯ ಜೊತೆ ಎರಡು ಮನೆಗೆ. ಚುನಾವಣೆ ಹತ್ತಿರ ಇರುವಾಗ ಬೇಡ. ಸಂಬಳವನ್ನು ಲೆಕ್ಕದಲ್ಲಿ "ಇತರೆ ಖರ್ಚು" ಎಂದು ಮುಚ್ಚಿಡಬೇಡಿ. "ಮನೆ ಭೇಟಿ ಆರೈಕೆದಾರರ ವೇತನ" ಎಂದೇ ಬರೆದು, ಎಷ್ಟು ಮನೆ, ಎಷ್ಟು ಭೇಟಿ ಎಂಬುದನ್ನು ಪಕ್ಕದಲ್ಲೇ ಹಾಕಿ, ಆಡಿಟ್ ಆದ ಪ್ರತಿಯನ್ನು ಕಚೇರಿ ಬಾಗಿಲಿಗೆ ಅಂಟಿಸಿ. ದಾನಿಗಳಿಗೆ ಮೊದಲೇ ಹೇಳಿಬಿಡಿ, 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ದಾನದ ಮೇಲಿನ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಆ ರಿಯಾಯಿತಿಯೇ ಇಲ್ಲ. ಆಮೇಲೆ ಮನಸ್ತಾಪ ಆಗುವುದು ತಪ್ಪುತ್ತದೆ.

ಮೂರು ತಿಂಗಳ ಗೌರವಧನದ ಬಾಕಿ ಎಷ್ಟೆಂದು ನೀವು ಬರೆದಿಲ್ಲ. ಬರೆಯಿರಿ. ಕಂಬಳಿ ಕೊಟ್ಟ ಓದುಗರನ್ನು ಈ ಸಲ ಅದಕ್ಕಾಗಿಯೇ ಕೇಳುತ್ತೇನೆ, ಸಂಬಳಕ್ಕೆ ಎಂದು ಬಾಯಿಬಿಟ್ಟೇ ಕೇಳುತ್ತೇನೆ. ಮಂಗಳವಾರ ನಿಮ್ಮ ಕಾರ್ಯಕರ್ತೆ ಆನೆ ಓಡಾಡುವ ದಾರಿಯಲ್ಲಿ ಒಬ್ಬರೇ ಹೋಗುತ್ತಾರೆ ಎಂದಿದ್ದೀರಲ್ಲ, ಬರುವ ಮಂಗಳವಾರ ಮೊದಲ ಬಸ್ಸಿಗೆ ನಾನೂ ಬರುತ್ತೇನೆ. ಡ್ರೆಸ್ಸಿಂಗ್ ಸಾಮಾನು ಏನೇನು ತರಬೇಕು ಎಂದು ಅವರನ್ನೇ ಕೇಳಿ ಒಂದು ಚೀಟಿ ಕಳಿಸಿ.

ನಿಮ್ಮ,
ಸಂಪಾದಕ